ಸುಸ್ತಿಗೆ ದಾಖಲೆ ಎಲ್ಲಿಂದ ತರುವುದು?

ಮಾಜಿ ಸೈನಿಕರ ಪ್ರಶ್ನೋತ್ತರ

ಈ ಸಲದ ಪತ್ರಗಳೆಲ್ಲ ಕಲಬುರಗಿ, ಬೀದರ್, ಯಾದಗಿರಿ ಕಡೆಯವು. ವಿಷಯವೂ ಒಂದೇ: ಕ್ರಾನಿಕ್ ಫಟೀಗ್ ಸಿಂಡ್ರೋಮ್ (ಸಿಎಫ್‌ಎಸ್), ಅಂದರೆ ತಿಂಗಳುಗಟ್ಟಲೆ ಬಿಡದ ಬಳಲಿಕೆಯ ಕಾಯಿಲೆ, ಮತ್ತು ಅದಕ್ಕೆ ಅಂಗವೈಕಲ್ಯ ಪಿಂಚಣಿ ಕೇಳಿ ಇಲ್ಲ ಅನ್ನಿಸಿಕೊಂಡಿದ್ದು. ಒಂದೇ ತೆರನ ಪತ್ರಗಳನ್ನು ಕೂಡಿಸಿದ್ದೇವೆ. ಹೆಸರು, ಆರ್ಮಿ ನಂಬರ್ ಬಿಟ್ಟಿದ್ದೇವೆ.

ಪ್ರಶ್ನೆ: 2019ರಲ್ಲಿ ಅಸ್ಸಾಂನಲ್ಲಿದ್ದಾಗ ಚಿಕೂನ್‌ಗುನ್ಯಾ ಆಯಿತು. ಮಿಲಿಟರಿ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆ. ಜ್ವರ ಹೋಯಿತು, ಸುಸ್ತು ಹೋಗಲಿಲ್ಲ. ಪೂರ್ತಿ ಫಿಟ್ ಅಲ್ಲ ಅಂತ ಲೋ ಮೆಡಿಕಲ್ ಕೆಟಗರಿಗೆ ಹಾಕಿದರು. 2022ರಲ್ಲಿ ಅವಧಿ ಮುಗಿಸಿ ಊರಿಗೆ ಬಂದೆ. ಬಿಡುಗಡೆಗೆ ಮುಂಚೆ ಪರೀಕ್ಷಿಸುವ ರಿಲೀಸ್ ಮೆಡಿಕಲ್ ಬೋರ್ಡ್‌ನವರು ಸಿಎಫ್‌ಎಸ್, ಅಂಗವೈಕಲ್ಯ 20 ಪರ್ಸೆಂಟ್, ಜೀವನಪರ್ಯಂತ ಅಂತ ಬರೆದರು. ಆದರೆ ಸೇವೆಗೆ ಸಂಬಂಧವಿಲ್ಲ, ರಜೆಗೆ ಹೋದಾಗ ಊರಲ್ಲೇ ಸೊಳ್ಳೆ ಕಚ್ಚಿರಬೇಕು ಅಂದರು. ರಜೆ ಮುಗಿಸಿ ಡ್ಯೂಟಿಗೆ ಸೇರಿ ಮೂರು ವಾರ ಆದ ಮೇಲೆ ನನಗೆ ಜ್ವರ ಬಂದದ್ದು. ಆಗ ಅಪೀಲ್ ಹಾಕಲಿಲ್ಲ. ಈಗ ಹಾಕಬಹುದೇನ್ರಿ?
— ಮಾಜಿ ನಾಯಕ್, ಆಳಂದ

ಉತ್ತರ: ಹಾಕಬಹುದು. ನಿಮ್ಮದು ಗಟ್ಟಿ ಕೇಸು, ಅದನ್ನು ಗಟ್ಟಿ ಮಾಡುವುದು ಆ ಮೂರು ವಾರವೇ.

ಮೊದಲು ಯಾವ ನಿಯಮ ಅನ್ವಯಿಸುತ್ತದೆ ನೋಡಿಕೊಳ್ಳಿ. ಅದನ್ನು ತೀರ್ಮಾನಿಸುವುದು ಕಾಯಿಲೆ ಬಂದ ತಾರೀಖಲ್ಲ, ಸೇವೆಯಿಂದ ಹೊರಬಂದ ತಾರೀಖು. 2008ರ ಜನವರಿ 1ಕ್ಕೆ ಮುಂಚೆ ಬಂದವರಿಗೆ 1982ರ ಎನ್‌ಟೈಟಲ್‌ಮೆಂಟ್ ನಿಯಮಗಳು, ಅಂದರೆ ಅಂಗವೈಕಲ್ಯ ಪಿಂಚಣಿಗೆ ಯಾರು ಅರ್ಹರೆಂದು ಹೇಳುವವು. ಅಲ್ಲಿಂದ 2023ರ ಸೆಪ್ಟೆಂಬರ್ 20ರವರೆಗೆ ಬಂದವರಿಗೆ 2008ರ ನಿಯಮಗಳು. ಆಮೇಲಿನವರಿಗೆ 2023ರವು. ಅಪೀಲುಗಳಲ್ಲಿ ನಾವು ಹೆಚ್ಚು ಕಾಣುವ ಎಡವಟ್ಟು ಇಲ್ಲೇ ಆಗುವುದು. ಯಾರದೋ ಹಳೆಯ ಅಪೀಲು ಜೆರಾಕ್ಸ್ ಮಾಡಿಸಿ, 2022ರಲ್ಲಿ ಬಂದವರೂ 1982ರ ನಿಯಮ 14ನ್ನೇ ಹಿಡಿದು ವಾದಿಸುತ್ತಾರೆ. ಅನ್ವಯಿಸದ ನಿಯಮ ಎಂದು ಒಂದೇ ಸಾಲಿನಲ್ಲಿ ವಾಪಸ್ ಬರುತ್ತದೆ. ಧರಮ್‌ವೀರ್ ಸಿಂಗ್ ಪ್ರಕರಣದ 2013ರ ಸುಪ್ರೀಂ ಕೋರ್ಟ್ ತೀರ್ಪನ್ನು ಎಲ್ಲರೂ ಉದಾಹರಿಸುತ್ತಾರೆ. ಸೇರುವಾಗ ಆರೋಗ್ಯವಾಗಿದ್ದ, ಕಾಗದದಲ್ಲಿ ಯಾವ ಕಾಯಿಲೆಯೂ ಬರೆದಿಲ್ಲ ಎಂದ ಮೇಲೆ ಕಾಯಿಲೆ ಸೇವೆಯಲ್ಲೇ ಬಂತು ಎಂದು ಭಾವಿಸಬೇಕು ಎನ್ನುವ ತೀರ್ಪು ಅದು. ಅದೂ 1982ರ ನಿಯಮಗಳ ಮೇಲೆ ಕೊಟ್ಟದ್ದು. ಬೆಂಬಲಕ್ಕೆ ಇರಲಿ, ಬುನಾದಿ ಅದಾಗಬಾರದು.

ನಿಮ್ಮ ಬುನಾದಿ 2008ರ ನಿಯಮ 10. ಲೈಂಗಿಕ ಸಂಪರ್ಕದಿಂದ ಬರುವವನ್ನು ಬಿಟ್ಟು, ಸೇವೆಯಲ್ಲಿದ್ದಾಗ ತಗುಲಿದ ಸೋಂಕಿನಿಂದ ಬಂದ ಕಾಯಿಲೆಯನ್ನು ಸೇವೆಯಿಂದಲೇ ಬಂದದ್ದೆಂದು ಒಪ್ಪಬೇಕು ಎನ್ನುತ್ತದೆ ಅದು. ರಜೆಯಲ್ಲಿ ತಗುಲಿರಬಹುದು ಎಂಬ ಅನುಮಾನ ಬಂದರೆ ಏನು ಮಾಡಬೇಕೆಂದೂ ಅಲ್ಲೇ ಇದೆ: ಸೋಂಕು ತಗುಲಿ ರೋಗ ಕಾಣಿಸಿಕೊಳ್ಳುವವರೆಗಿನ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚಿಕೂನ್‌ಗುನ್ಯಾಕ್ಕೆ ಆ ಅವಧಿ ಸಾಮಾನ್ಯವಾಗಿ 4ರಿಂದ 8 ದಿನ, ಹೆಚ್ಚೆಂದರೆ 12. ನಿಮಗೆ ಜ್ವರ ಬಂದದ್ದು ಡ್ಯೂಟಿಗೆ ಸೇರಿ ಸುಮಾರು 21 ದಿನಕ್ಕೆ. ಆಳಂದದ ಸೊಳ್ಳೆಯ ಮೇಲೆ ಅಪವಾದ ಹೊರಿಸಲು ಬರುವುದಿಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ರಜೆಯಿಂದ ಮರಳಿದ ತಾರೀಖು ರಜೆ ಮುಂತಾದವನ್ನು ದಾಖಲಿಸುವ ಯೂನಿಟ್‌ನ ಪಾರ್ಟ್-2 ಆರ್ಡರ್‌ನಲ್ಲಿ ಇರುತ್ತದೆ, ಜ್ವರದ ತಾರೀಖು ಆಸ್ಪತ್ರೆಯ ಅಡ್ಮಿಷನ್ ಕಾಗದದಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ದಿನ ಎಣಿಸಿ ತೋರಿಸಿ. ಅಪೀಲಿನ ಮೊದಲ ಪುಟದಲ್ಲೇ ಇದು ಬರಲಿ.

ಎರಡನೆಯ ಕೊಂಡಿ ಚಿಕೂನ್‌ಗುನ್ಯಾದಿಂದ ಸಿಎಫ್‌ಎಸ್‌ವರೆಗಿನದು. ವೈರಸ್ ಸೋಂಕಿನ ಬೆನ್ನಿಗೆ ಈ ಕಾಯಿಲೆ ಶುರುವಾಗುವುದು ವೈದ್ಯಶಾಸ್ತ್ರ ಬಲ್ಲ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 10ನೇ ಆವೃತ್ತಿಯಲ್ಲಿ ವೈರಸ್ ನಂತರದ ಬಳಲಿಕೆಗೆ ಜಿ93.3 ಎಂಬ ಸಂಖ್ಯೆ ಕೊಟ್ಟು ನರವ್ಯೂಹದ ಕಾಯಿಲೆಗಳಲ್ಲಿ ಸೇರಿಸಿದ್ದಾರೆ. ಆದರೆ ನಿಮ್ಮ ಮಟ್ಟಿಗೆ ಅದು ನಿಂತಿರುವುದು ನಡುವೆ ಖಾಲಿ ಬಿಡದ ದಾಖಲೆಗಳ ಮೇಲೆ. 2019ರ ಡಿಸ್ಚಾರ್ಜ್ ಸಮ್ಮರಿ, ಆಮೇಲಿನ ಸಿಕ್ ರಿಪೋರ್ಟ್‌ಗಳು, ಕೆಟಗರಿ ಕೊಟ್ಟ ಮತ್ತು ಮರುಪರೀಕ್ಷೆ ಮಾಡಿದ ಎಎಫ್‌ಎಂಎಸ್‌ಎಫ್-15 ನಮೂನೆಗಳು, ಕೊನೆಯ ಬೋರ್ಡಿನ ಎಎಫ್‌ಎಂಎಸ್‌ಎಫ್-16. ಇವನ್ನು ತಾರೀಖಿನ ಪ್ರಕಾರ ಜೋಡಿಸಿ. ನಡುವೆ ಎಲ್ಲಾದರೂ ಶೇಪ್-1ಕ್ಕೆ (ಪೂರ್ತಿ ಫಿಟ್ ಎಂಬ ದರ್ಜೆ) ಏರಿಸಿದ್ದರೆ ಮುಚ್ಚಿಡಬೇಡಿ, ಆ ತಿಂಗಳುಗಳಲ್ಲಿ ಏನಾಯಿತೆಂದು ನೀವೇ ಬರೆಯಿರಿ. ಇಲ್ಲದಿದ್ದರೆ ಅವರು ತಮಗೆ ಬೇಕಾದಂತೆ ಬರೆಯುತ್ತಾರೆ.

ಬೋರ್ಡ್ ಕೊಟ್ಟ ಕಾರಣವನ್ನೂ ಅಕ್ಷರ ಬಿಡದೆ ಓದಿ. ಎಷ್ಟೋ ಕೇಸಿನಲ್ಲಿ ಅಲ್ಲಿರುವುದು ಒಂದೇ ಸಾಲು: ಶಾಂತಿ ಪ್ರದೇಶದಲ್ಲಿ ಶುರುವಾಗಿದೆ, ಸೇವೆಗೆ ಸಂಬಂಧವಿಲ್ಲ. ಕಾರಣ ಬರೆಯದೆ ಅಭಿಪ್ರಾಯ ಕೊಟ್ಟರೆ ಅದು ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 2025ರ ಮೇ 7ರಂದು ರಾಜುಮೋನ್ ಪ್ರಕರಣದಲ್ಲಿ ಹೇಳಿದೆ. ಅದು ಸ್ಕಿಜೋಫ್ರೀನಿಯಾದ ಕೇಸು, ಆದರೂ ಕಾರಣ ಬರೆಯಬೇಕೆಂಬ ಮಾತು ನಿಮಗೂ ಒದಗುತ್ತದೆ.

ಇನ್ನು ತಡವಾದ ಮಾತು. ನಿರಾಕರಣೆ ಪತ್ರ ಬಂದ 6 ತಿಂಗಳೊಳಗೆ ಮೊದಲ ಅಪೀಲು, ಅದೂ ಬಿದ್ದರೆ ಮತ್ತೆ 6 ತಿಂಗಳೊಳಗೆ ಎರಡನೆಯದು. ಎರಡೂ ನಿಮ್ಮ ರೆಕಾರ್ಡ್ ಆಫೀಸ್ ಮೂಲಕವೇ ದೆಹಲಿಯ ಸಮಿತಿಗಳಿಗೆ ಹೋಗಬೇಕು. ಅವಧಿ ಮೀರಿದ್ದರೆ ತಡವನ್ನು ಮನ್ನಿಸಲು ಪ್ರತ್ಯೇಕ ಪ್ಯಾರಾದಲ್ಲಿ ಕೇಳಿ, ಚಿಕಿತ್ಸೆಯಲ್ಲಿದ್ದ ಕಾಗದ ಲಗತ್ತಿಸಿ. ಪಿಂಚಣಿ ಸಿಗದಿರುವುದು ಪ್ರತಿ ತಿಂಗಳೂ ಮುಂದುವರಿಯುವ ಅನ್ಯಾಯ, ಹಾಗಾಗಿ ತಡವೊಂದರಿಂದಲೇ ಹಕ್ಕು ಹೋಗುವುದಿಲ್ಲ ಎನ್ನುವುದು 2008ರ ತರ್ಸೇಮ್ ಸಿಂಗ್ ತೀರ್ಪಿನ ಸಾರ. ಆದರೆ ಹಿಂಬಾಕಿ ಸಿಗುವುದು ಸಾಮಾನ್ಯವಾಗಿ ಕೇಸು ಹಾಕಿದ ದಿನದಿಂದ ಹಿಂದಿನ 3 ವರ್ಷಕ್ಕೆ ಮಾತ್ರ. ತಡ ಮಾಡಿದಷ್ಟೂ ತಿಂಗಳುಗಳು ಹಿಂದಿನಿಂದ ಉದುರುತ್ತ ಹೋಗುತ್ತವೆ.

ಪ್ರಶ್ನೆ: ನಮ್ಮ ಮನೆಯವರು ನೋಡಾಕ ಗಟ್ಟಿ ಇದ್ದಾರ್ರಿ. ಒಂದು ದಿನ ಹೊಲದ ತನಕ ಹೋಗಿ ಬಂದರ ಎರಡು ದಿನ ಹಾಸಿಗಿ ಬಿಟ್ಟು ಏಳಂಗಿಲ್ಲ. ರಕ್ತ, ಎಕ್ಸ್‌ರೇ ಎಲ್ಲಾ ನಾರ್ಮಲ್. ಬೋರ್ಡಿನವರು ಮನಸ್ಸಿನ ಕಾಯಿಲೆ ಅಂತ ಬರೆದಾರ. ಡಾಕ್ಟರ್ ಹತ್ರ ಏನಂತ ಬರಿಸಿಕೊಂಡು ಬರಬೇಕು?
— ಮಾಜಿ ಸೈನಿಕರ ಪತ್ನಿ, ಶಹಾಪುರ

ಉತ್ತರ: ಎಲ್ಲಾ ನಾರ್ಮಲ್ ಬಂದಿರುವುದು ನಿಮಗೆ ವಿರುದ್ಧವಾದ ಸಾಕ್ಷ್ಯವಲ್ಲ ತಾಯಿ. ಈ ಕಾಯಿಲೆಯನ್ನು ತೋರಿಸಿಕೊಡುವ ರಕ್ತಪರೀಕ್ಷೆ ಇನ್ನೂ ಬಂದಿಲ್ಲ. ಲಕ್ಷಣ ಹಿಡಿದು, ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿಯೇ ಹೆಸರಿಡಬೇಕು. ಆದ್ದರಿಂದ ಆ ನಾರ್ಮಲ್ ವರದಿಗಳನ್ನು ಎಸೆಯಬೇಡಿ, ಅವೇ ನಿಮ್ಮ ಫೈಲಿನ ಅರ್ಧ ಭಾಗ.

ಹಿಮೋಗ್ಲೋಬಿನ್ ಸಹಿತ ರಕ್ತಕಣ ಎಣಿಕೆ, ಇಎಸ್‌ಆರ್, ಸಿಆರ್‌ಪಿ, ಥೈರಾಯ್ಡ್‌ನ ಟಿಎಸ್‌ಎಚ್, ಸಕ್ಕರೆ, ಲಿವರ್, ಕ್ರಿಯಾಟಿನಿನ್, ಸೋಡಿಯಂ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಫೆರಿಟಿನ್, ಬಿ12, ವಿಟಮಿನ್ ಡಿ, ಸ್ನಾಯುವಿನ ಸಿಕೆ, ಮೂತ್ರ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಕ್ಷಯಕ್ಕೆ ಎದೆಯ ಎಕ್ಸ್‌ರೇ ಆಗಿರಬೇಕು. ಜೋರು ಗೊರಕೆ ಇದ್ದರೆ ನಿದ್ದೆಯ ಪರೀಕ್ಷೆಯೂ ಬೇಕು. ನಿದ್ದೆಯಲ್ಲಿ ಉಸಿರು ಕಟ್ಟುವವರೂ ಹಗಲೆಲ್ಲ ಹೀಗೇ ಸುಸ್ತಾಗಿರುತ್ತಾರೆ, ಬೋರ್ಡ್ ಕೇಳುವ ಮೊದಲ ಪ್ರಶ್ನೆಯೇ ಅದು. ಇದರಲ್ಲಿ ಹೆಚ್ಚಿನವು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಮೂಲಕ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಆಗುತ್ತವೆ. ಯಾದಗಿರಿ, ಬೀದರ್, ಕಲಬುರಗಿ ಮೂರರಲ್ಲೂ ಅಂಥ ಆಸ್ಪತ್ರೆ ಇದೆ. ಸಾಧ್ಯವಾದರೆ ಒಬ್ಬರೇ ಫಿಜಿಶಿಯನ್ ಹತ್ತಿರ ಕಡೆತನಕ ಹೋಗಿ. ಊರೂರಿನ ಐದು ಚೀಟಿಗಿಂತ ಒಂದೇ ಒಪಿಡಿ ಪುಸ್ತಕದ ಒಂದು ವರ್ಷದ ದಾಖಲೆಗೆ ತೂಕ ಹೆಚ್ಚು.

ನೀವು ಬರೆದ "ಒಂದು ದಿನ ಹೋಗಿ ಬಂದರೆ ಎರಡು ದಿನ ಹಾಸಿಗೆ" ಎನ್ನುವುದೇ ಈ ಕಾಯಿಲೆಯ ಮುಖ್ಯ ಗುರುತು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕೊಟ್ಟ ಮಾನದಂಡದಲ್ಲಿ ಮೂರು ಇರಲೇಬೇಕು: ಮೊದಲಿನ ಹಾಗೆ ಕೆಲಸ ಮಾಡಲಾಗದಂಥ, 6 ತಿಂಗಳು ಮೀರಿದ, ವಿಶ್ರಾಂತಿಯಿಂದ ಇಳಿಯದ ಬಳಲಿಕೆ, ಶ್ರಮದ ನಂತರ ಉಲ್ಬಣಿಸುವುದು, ಎಷ್ಟು ನಿದ್ದೆ ಮಾಡಿದರೂ ಚೇತರಿಕೆ ಇಲ್ಲದಿರುವುದು. ಇವುಗಳ ಜೊತೆಗೆ ಮರೆವು, ತಲೆ ಮಂಕಾಗುವುದು ಅಥವಾ ನಿಂತರೆ ಹೆಚ್ಚಾಗುವ ಲಕ್ಷಣ, ಇವೆರಡರಲ್ಲಿ ಒಂದು. ಡಾಕ್ಟರ ಪತ್ರದಲ್ಲಿ ಈ ನಾಲ್ಕೂ ಮಾತು ಬರಬೇಕು. ಯಾವ ತಿಂಗಳಿಂದ, ಯಾವ ಜ್ವರದ ನಂತರ ಎಂದಿರಬೇಕು. ಏನೇನು ತಳ್ಳಿಹಾಕಲಾಯಿತು ಎಂದಿರಬೇಕು. "ರೋಗಿಯು ಸುಸ್ತು ಎಂದು ಹೇಳುತ್ತಾರೆ" ಎಂದಷ್ಟೇ ಬರೆದ ಪತ್ರದಿಂದ ಏನೂ ಉಪಯೋಗವಿಲ್ಲ.

ನಿಂತರೆ ಹೆಚ್ಚಾಗುತ್ತದೆ ಎನ್ನುವುದನ್ನು ಅಂಕಿಯಲ್ಲಿ ತೋರಿಸಬಹುದು, ದುಬಾರಿ ಯಂತ್ರ ಬೇಡ. ಕ್ಲಿನಿಕ್ಕಿನಲ್ಲಿ ಹತ್ತು ನಿಮಿಷ ಅಂಗಾತ ಮಲಗಿಸಿ ನಾಡಿ, ಬಿಪಿ ಬರೆದುಕೊಳ್ಳುತ್ತಾರೆ. ಆಮೇಲೆ ಗೋಡೆಗೆ ಭುಜ ಆನಿಸಿ, ಹಿಮ್ಮಡಿಯನ್ನು ಗೋಡೆಯಿಂದ ಸುಮಾರು ಅರ್ಧ ಅಡಿ ಮುಂದಿಟ್ಟು, ಅಲುಗಾಡದೆ ಹತ್ತು ನಿಮಿಷ ನಿಲ್ಲಿಸುತ್ತಾರೆ. ನಿಮಿಷ ನಿಮಿಷಕ್ಕೂ ನಾಡಿ, ಬಿಪಿ. ನಾಡಿ 30 ಅಥವಾ ಹೆಚ್ಚು ಏರಿ ಅಲ್ಲೇ ನಿಂತರೆ, ಇಲ್ಲವೇ ಮೊದಲ 3 ನಿಮಿಷದಲ್ಲಿ ಬಿಪಿಯ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ದಾಖಲೆ. ಬೆಳಿಗ್ಗೆ, ಚಹಾ ಕುಡಿಯುವ ಮುಂಚೆ ಮಾಡಿಸಿ. ಕಣ್ಣು ಕತ್ತಲೆ ಬಂದರೆ ತಕ್ಷಣ ಕೂರಿಸಬೇಕು, ಆದ್ದರಿಂದ ಮನೆಯಲ್ಲಿ ಒಬ್ಬರೇ ಮಾಡಬಾರದು.

ದಿನಚರಿ ಬರೆಯುವ ಕೆಲಸ ನಿಮ್ಮದು. "ಇವತ್ತೂ ಸುಸ್ತು" ಎಂದು ಮುನ್ನೂರು ದಿನ ಬರೆದರೆ ಯಾರೂ ಓದುವುದಿಲ್ಲ. ಹೀಗೆ ಬರೆಯಿರಿ: "ಸೋಮವಾರ ಬೆಳಿಗ್ಗೆ 8ಕ್ಕೆ ಕಿರಾಣಿ ಅಂಗಡಿಗೆ ನಡೆದು ಹೋಗಿ ಬಂದರು, 400 ಮೀಟರ್. ಮಂಗಳವಾರ ಮಧ್ಯಾಹ್ನ 2ರವರೆಗೆ ಮಲಗಿದ್ದರು, ಗಂಟಲು ನೋವು, ಸ್ನಾನ ಮಾಡಲಿಲ್ಲ. ಬುಧವಾರ ಸಂಜೆ ಎದ್ದು ಕೂತರು." ಏನು ಮಾಡಿದರು, ಎಷ್ಟು ಮಾಡಿದರು, ಎಷ್ಟು ಗಂಟೆ ಬಿದ್ದುಕೊಂಡರು, ಅಷ್ಟೇ. ಒಂದು ಎಚ್ಚರ: ಏಪ್ರಿಲ್, ಮೇ ತಿಂಗಳದ್ದು ಮಾತ್ರ ಇಟ್ಟರೆ ನಮ್ಮ ಕಡೆಯ 42 ಡಿಗ್ರಿ ಬಿಸಿಲಿನ ಲೆಕ್ಕಕ್ಕೆ ಹೋಗುತ್ತದೆ. ಡಿಸೆಂಬರ್, ಜನವರಿಯದ್ದೂ ಇರಲಿ. ಒಳ್ಳೆಯ ದಿನಗಳನ್ನೂ ಬರೆಯಿರಿ, ಅವು ಇಲ್ಲದ ದಿನಚರಿಯನ್ನು ನಂಬುವವರು ಕಡಿಮೆ.

ಮೊದಲು ಎಷ್ಟು ಗಟ್ಟಿ ಇದ್ದರು ಎನ್ನುವುದಕ್ಕೆ ಸೈನ್ಯದಲ್ಲೇ ಪುರಾವೆ ಇದೆ. 2.4 ಕಿಲೋಮೀಟರ್ ಓಟದ ಪಿಪಿಟಿ, 5 ಕಿಲೋಮೀಟರ್ ಓಟದ ಬಿಪಿಇಟಿ ಎಂಬ ದೈಹಿಕ ಸಾಮರ್ಥ್ಯ ಪರೀಕ್ಷೆಗಳ ಫಲಿತಾಂಶಗಳು. ಕಾಯಿಲೆಗೆ ಮುಂಚಿನ ವರ್ಷ ಪಾಸು, ನಂತರದ ವರ್ಷ ವಿನಾಯಿತಿ ಎಂದು ಕಾಣಿಸಿದರೆ ಅದಕ್ಕಿಂತ ಚೊಕ್ಕ ಹೋಲಿಕೆ ಬೇರೆ ಬೇಡ. ಅಚ್ಚರಿ ಎಂದರೆ ಇದನ್ನು ಲಗತ್ತಿಸುವವರೇ ಇಲ್ಲ.

ಮನಸ್ಸಿನ ಕಾಯಿಲೆ ಎಂದ ಬಗ್ಗೆ: ಮನೋವೈದ್ಯರ ಹತ್ತಿರ ಹೋಗಲು ಹಿಂಜರಿಯಬೇಡಿ, ಅವರ ಪತ್ರವೇ ಉತ್ತರವಾಗಬಹುದು. ಖಿನ್ನತೆಯಲ್ಲಿ ಸಾಮಾನ್ಯವಾಗಿ ಮಾಡಬೇಕೆಂಬ ಆಸೆಯೇ ಬತ್ತಿರುತ್ತದೆ. ಇಲ್ಲಿ ಆಸೆ ಇರುತ್ತದೆ, ಮಾಡಿದ ಮರುದಿನ ಮೈ ಕುಸಿಯುತ್ತದೆ. ಎರಡೂ ಇದ್ದರೆ ಎರಡನ್ನೂ ಬರೆಸಿ, ಎರಡಕ್ಕೂ ಸೇರಿ ಪರ್ಸೆಂಟ್ ಕೊಡುತ್ತಾರೆ. "ವ್ಯಾಯಾಮ ಹೆಚ್ಚಿಸಿದರೆ ಸರಿಹೋಗುತ್ತದೆ, ಇವರೇ ಮಾಡುತ್ತಿಲ್ಲ" ಎಂದು ಷರಾ ಬರೆದಿದ್ದರೆ, ದಿನದಿನಕ್ಕೆ ವ್ಯಾಯಾಮ ಏರಿಸುವ ಚಿಕಿತ್ಸೆಯನ್ನು ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ ಎಂದು ಅಪೀಲಿನಲ್ಲಿ ತೋರಿಸಿ.

ಪ್ರಶ್ನೆ: ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಸಿಎಫ್‌ಎಸ್‌ಗೆ ನೂರು ಪರ್ಸೆಂಟ್ ತನಕ ಕೊಡುತ್ತಾರಂತೆ. ಅಲ್ಲಿರುವ ಅಳಿಯ ಕಾಗದ ಕಳಿಸಿದ್ದಾನೆ. ಅಪೀಲಿಗೆ ಹಚ್ಚಬಹುದೇ?
— ಮಾಜಿ ಹವಾಲ್ದಾರ್, ಭಾಲ್ಕಿ

ಉತ್ತರ: ಹಚ್ಚಬೇಡಿ, ಓದಿಕೊಳ್ಳಿ. ಅಲ್ಲಿ ಈ ಕಾಯಿಲೆಗೆ 6354 ಎಂಬ ಸಂಖ್ಯೆಯಡಿ 10, 20, 40, 60, 100 ಎಂಬ ಮೆಟ್ಟಿಲುಗಳಿವೆ. ದಿನದ ಕೆಲಸ ಕಾಯಿಲೆಗೆ ಮುಂಚಿನ ಅರ್ಧಕ್ಕಿಂತ ಕೆಳಗಿಳಿದರೆ 60ರ ಮೆಟ್ಟಿಲು, ಬಹುತೇಕ ನಿಂತೇಹೋದರೆ 100. 1990ರ ಆಗಸ್ಟ್ 2ರ ನಂತರ ಕೊಲ್ಲಿ ಪ್ರದೇಶದಲ್ಲಿ ಸೇವೆ ಮಾಡಿದವರಿಗೆ ಬಂದರೆ ಸೇವೆಯಿಂದಲೇ ಬಂತೆಂದು ಭಾವಿಸುತ್ತಾರೆ. ಅಂಥ ಭಾವನೆ ನಮ್ಮ ನಿಯಮದಲ್ಲಿ ಇಲ್ಲ. 1982ರ ನಿಯಮಗಳಿಗೆ ಲಗತ್ತಿಸಿದ ಕಾಯಿಲೆಗಳ ಪಟ್ಟಿಯಲ್ಲೂ ಸಿಎಫ್‌ಎಸ್ ಹೆಸರಿಲ್ಲ. ಹೆಸರಿಲ್ಲ ಎಂದ ಮಾತ್ರಕ್ಕೆ ಕೇಳುವಂತಿಲ್ಲ ಎಂದೇನಿಲ್ಲ, ಸೇವೆಗೆ ಸಂಬಂಧ ತೋರಿಸುವ ಕೆಲಸ ಹೆಚ್ಚಾಗುತ್ತದೆ ಅಷ್ಟೆ. ಅಮೆರಿಕದ ಕಾಗದದಿಂದ ಕಲಿಯಬೇಕಾದ್ದು ಒಂದಿದೆ: ಅವರು ಅಳೆಯುವುದು ಸುಸ್ತನ್ನಲ್ಲ, ಮೊದಲಿನ ಕೆಲಸದಲ್ಲಿ ಎಷ್ಟು ಪಾಲು ಉಳಿದಿದೆ ಎನ್ನುವುದನ್ನು. ನಿಮ್ಮ ಡಾಕ್ಟರಿಂದ ಆ ರೀತಿಯ ವಾಕ್ಯ ಬರೆಸಿಕೊಳ್ಳಿ.

ಪ್ರಶ್ನೆ: ಇಪ್ಪತ್ತು ಪರ್ಸೆಂಟ್‌ಗೆ ಎಷ್ಟು ಸಿಗುತ್ತದೆ? ಇಷ್ಟಕ್ಕೆ ಓಡಾಡಬೇಕೇ?
— ಮಾಜಿ ಲ್ಯಾನ್ಸ್ ನಾಯಕ್, ಸುರಪುರ

ಉತ್ತರ: ಲೆಕ್ಕ ಹಾಕಿ ನೀವೇ ಹೇಳಿ. 100 ಪರ್ಸೆಂಟ್ ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30. ಕೊನೆಯ ವೇತನ 40,000 ರೂಪಾಯಿ ಎಂದಿಟ್ಟುಕೊಂಡರೆ 12,000. ಅದರಲ್ಲಿ 20 ಪರ್ಸೆಂಟ್ ಎಂದರೆ ತಿಂಗಳಿಗೆ 2,400. ಆದರೆ 2001ರ ಜನವರಿ 31ರ ರಕ್ಷಣಾ ಸಚಿವಾಲಯದ ಪತ್ರದ ಪ್ರಕಾರ 50ಕ್ಕಿಂತ ಕಡಿಮೆ ಇರುವುದನ್ನು 50ಕ್ಕೆ, 50ರಿಂದ 75ರವರೆಗಿನದನ್ನು 75ಕ್ಕೆ, ಅದರ ಮೇಲಿನದನ್ನು 100ಕ್ಕೆ ಏರಿಸುತ್ತಾರೆ. ಆಗ 2,400 ಹೋಗಿ 6,000 ಆಗುತ್ತದೆ, ಮೇಲೆ ತುಟ್ಟಿಭತ್ಯೆ, ಸೇವಾ ಪಿಂಚಣಿ ಬೇರೆ. ಆ ಪತ್ರ ಬರೆದದ್ದು ಕಾಯಿಲೆಯ ಕಾರಣ ಸೇವೆಯಿಂದ ಹೊರಹಾಕಿದವರಿಗೆ. ಅವಧಿ ಮುಗಿಸಿ ಬಂದವರಿಗೂ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಅಪೀಲಿನ ಕೊನೆಯ ಬೇಡಿಕೆಯಲ್ಲಿ "20ನ್ನು 50ಕ್ಕೆ ಏರಿಸಿ" ಎಂದು ಬರೆಯದಿದ್ದರೆ ಕೇಸು ಗೆದ್ದ ಮೇಲೆ ಇದಕ್ಕೇ ಇನ್ನೊಮ್ಮೆ ಅಲೆಯಬೇಕಾಗುತ್ತದೆ. 2023ರ ಸೆಪ್ಟೆಂಬರ್ 21ರ ನಂತರ ಹೊರಬಂದವರು ಈ ಲೆಕ್ಕವನ್ನು ತಮಗೆ ಹಾಗೇ ಅನ್ವಯಿಸಿಕೊಳ್ಳಬಾರದು.

ಬೋರ್ಡ್ 20ಕ್ಕಿಂತ ಕಡಿಮೆ, ಅಂದರೆ 11ರಿಂದ 14 ಎಂದೇನಾದರೂ ಬರೆದಿದ್ದರೆ, ಮತ್ತು ನೀವು ಅವಧಿ ಮುಗಿಸಿ ಬಂದವರಾಗಿದ್ದರೆ, ಮೊದಲು ಹೋರಾಡಬೇಕಾದ್ದು ಆ ಅಂಕಿಯ ಮೇಲೆ. 20 ದಾಟದೆ ಉಳಿದದ್ದೆಲ್ಲ ವ್ಯರ್ಥ.

ಪ್ರಶ್ನೆ: 2020ರಲ್ಲಿ ಶೇಪ್-1ರಲ್ಲೇ ನಿವೃತ್ತನಾದೆ. 2022ರಲ್ಲಿ ಕೋವಿಡ್ ಬಂತು, ಅಂದಿನಿಂದ ಇದೇ ಸುಸ್ತು. ಏಜೆಂಟ್ ಒಬ್ಬರು ಮಾಡಿಸಿಕೊಡುತ್ತೇನೆ ಅನ್ನುತ್ತಿದ್ದಾರೆ.
— ಹುಮನಾಬಾದ್

ಉತ್ತರ: ದುಡ್ಡು ಕೊಡಬೇಡಿ. ನಿವೃತ್ತಿಯ ನಂತರ 7 ವರ್ಷದೊಳಗೆ ಕಾಣಿಸಿಕೊಂಡ ಕಾಯಿಲೆಗೂ 2008ರ ನಿಯಮಗಳಲ್ಲಿ ಅವಕಾಶ ಇದೆ ನಿಜ. ಆದರೆ ಅದರ ಬೀಜ ಸೇವೆಯಲ್ಲಿದ್ದಾಗಲೇ ಬಿದ್ದಿತ್ತು ಎಂದು ತೋರಿಸಬೇಕು. ನಿಮ್ಮ ಕಾಯಿಲೆಗೆ ಕಾರಣವಾದ ಸೋಂಕು ಮನೆಯಲ್ಲಿದ್ದಾಗ ಬಂದದ್ದು, ನೀವೇ ಹಾಗೆ ಬರೆದಿದ್ದೀರಿ. ಇಸಿಎಚ್‌ಎಸ್‌ನಲ್ಲಿ ಚಿಕಿತ್ಸೆ ತೆಗೆದುಕೊಳ್ಳಿ, ಅದು ನಿಮ್ಮ ಹಕ್ಕು.

ಪ್ರಶ್ನೆ: ಆಸ್ಪತ್ರೆ ಕಾಗದ ಒಂದೂ ಉಳಿದಿಲ್ಲ. ಎಲ್ಲಿ ಕೇಳಬೇಕು?
— ಮಾಜಿ ಸಿಪಾಯಿ, ಚಿಂಚೋಳಿ

ಉತ್ತರ: ನಿಮ್ಮ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಎಂಇಜಿಯವರಿಗೆ ಬೆಂಗಳೂರು, ಆರ್ಟಿಲರಿಗೆ ನಾಸಿಕ್ ರೋಡ್, ಇಎಂಇಗೆ ಸಿಕಂದರಾಬಾದ್, ಸಿಗ್ನಲ್ಸ್‌ಗೆ ಜಬಲ್‌ಪುರ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. "ನನ್ನ ಎಲ್ಲಾ ದಾಖಲೆ ಕೊಡಿ" ಎಂದರೆ ಸಿಗುವುದು ನಾಲ್ಕು ಹಾಳೆ. ಹೆಸರಿಟ್ಟು ಕೇಳಿ: ಸೇರುವಾಗಿನ ವೈದ್ಯಕೀಯ ನಮೂನೆ, ಎಲ್ಲಾ ಎಎಫ್‌ಎಂಎಸ್‌ಎಫ್-15, ಪೂರ್ತಿ ಎಎಫ್‌ಎಂಎಸ್‌ಎಫ್-16, ಇಂಥ ವರ್ಷದ ರಜೆಯ ಪಾರ್ಟ್-2 ಆರ್ಡರ್, ಪಿಪಿಟಿ ಬಿಪಿಇಟಿ ಫಲಿತಾಂಶ, ನಿರಾಕರಣೆಯ ಆದೇಶ. ಆಸ್ಪತ್ರೆಗೆ ಪ್ರತ್ಯೇಕ ಅರ್ಜಿ, ಅದರಲ್ಲಿ ದಾಖಲಾದ ಮತ್ತು ಬಿಡುಗಡೆಯಾದ ತಾರೀಖು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಸಾಮಾನ್ಯವಾಗಿ ಹಕ್ಕನ್ನು ಸಾಬೀತುಪಡಿಸುವ ಹೊಣೆ ನಿಮ್ಮ ಮೇಲಿಲ್ಲ. ಆದರೆ ಹೊರಬಂದು 15 ವರ್ಷ ದಾಟಿ, ಅಷ್ಟರಲ್ಲಿ ದಾಖಲೆ ನಾಶವಾಗಿದ್ದರೆ 2008ರ ನಿಯಮ 7ರ ಪ್ರಕಾರ ಹೊಣೆ ನಿಮ್ಮ ತಲೆಗೆ ಬರುತ್ತದೆ. ಹದಿಮೂರು, ಹದಿನಾಲ್ಕು ವರ್ಷ ಆದವರು ಈ ಅರ್ಜಿಯನ್ನು ಈ ವಾರವೇ ಹಾಕುವುದು ಒಳ್ಳೆಯದು.

ಪ್ರಶ್ನೆ: ಎರಡೂ ಅಪೀಲು ಬಿದ್ದವು. ಕಲಬುರಗಿ ಹೈಕೋರ್ಟ್ ಪೀಠಕ್ಕೆ ಹೋಗಬಹುದೇ? ಮತ್ತೆ ಬೋರ್ಡ್ ಮುಂದೆ ನಿಲ್ಲಬೇಕಾದರೆ ಹೇಗೆ ತಯಾರಾಗಬೇಕು?
— ಮಾಜಿ ಹವಾಲ್ದಾರ್, ಚಿತ್ತಾಪುರ

ಉತ್ತರ: ಮೊದಲು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ಕೊನೆಯ ಆದೇಶ ಬಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಅಪೀಲಿಗೆ ಉತ್ತರವೇ ಬಾರದೆ 6 ತಿಂಗಳು ಕಳೆದಿದ್ದರೂ ಹೋಗಬಹುದು, ಕಾಯುತ್ತ ಕೂರಬೇಕಿಲ್ಲ. ಮಂಡಳಿಯ ಆದೇಶ ಸರಿಯಿಲ್ಲವೆನಿಸಿದರೆ ಆಮೇಲೆ ಹೈಕೋರ್ಟಿಗೆ ರಿಟ್ ಹಾಕಲು ಬಾಗಿಲು ತೆರೆದಿದೆ ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ. ಮನೆಗೆ ಹತ್ತಿರ ಎಂದು ಮೊದಲೇ ಕಲಬುರಗಿ ಪೀಠಕ್ಕೆ ಹೋದರೆ ಮಂಡಳಿಗೆ ಹೋಗಿ ಬನ್ನಿ ಎಂದು ಕಳಿಸುವ ಸಂಭವವೇ ಹೆಚ್ಚು, ತಿಂಗಳುಗಳು ದಂಡ.

ಮಂಡಳಿ ಹೊಸ ಬೋರ್ಡಿಗೆ ಆದೇಶಿಸಿದರೆ ನಿಮ್ಮನ್ನು ಮಿಲಿಟರಿ ಆಸ್ಪತ್ರೆಗೆ ಕರೆಯುತ್ತಾರೆ. ಈ ಕಾಯಿಲೆಯವರು ಅಲ್ಲಿ ಸೋಲುವುದು ಒಂದೇ ಕಾರಣಕ್ಕೆ: ಆ ಒಂದು ಗಂಟೆ ಅವರು ಚೆನ್ನಾಗಿಯೇ ಕಾಣುತ್ತಾರೆ. ಶಿಸ್ತಿನ ಅಭ್ಯಾಸ, ಇಸ್ತ್ರಿ ಬಟ್ಟೆ, ನೆಟ್ಟಗೆ ನಿಲ್ಲುವುದು, "ಹೇಗಿದ್ದೀರಿ" ಎಂದರೆ "ಠೀಕ್ ಹೈ ಸರ್". ಹಾಗೆ ಹೇಳಬೇಡಿ. ನಾಟಕವನ್ನೂ ಆಡಬೇಡಿ, ಕುಂಟಿದರೆ ಬಲುಬೇಗ ಗೊತ್ತಾಗುತ್ತದೆ. ಇಂಥದ್ದು ಮಾಡಬಲ್ಲೆ, ಮಾಡಿದ ಮೇಲೆ ಇಷ್ಟು ಗಂಟೆ ಬೀಳುತ್ತೇನೆ ಎಂದು ಲೆಕ್ಕದಲ್ಲಿ ಹೇಳಿ. ಶ್ರಮದ ಪರಿಣಾಮ ಬಹಳ ಸಲ ಒಂದೆರಡು ದಿನ ತಡವಾಗಿ ಏರುತ್ತದೆ. ಹಾಗಾಗಿ ರಾತ್ರಿ ರೈಲಿನಲ್ಲಿ ಹೋಗಿ ಬೆಳಿಗ್ಗೆ ತೋರಿಸಿಕೊಂಡು ಅದೇ ರಾತ್ರಿ ರೈಲು ಹತ್ತಬೇಡಿ. ಬೋರ್ಡ್ ಮುಗಿದ ಮರುದಿನ ಅಲ್ಲೇ ಇದ್ದು, ಗೋಡೆಗೆ ಆನಿ ನಿಲ್ಲಿಸುವ ಪರೀಕ್ಷೆಯನ್ನು ಎರಡನೇ ದಿನವೂ ಮಾಡಿ ದಾಖಲಿಸಿಕೊಳ್ಳಿ ಎಂದು ಬರೆದ ಕೋರಿಕೆ ಕೊಡಿ. ಒಪ್ಪದಿದ್ದರೆ ಅದರ ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಂಡು ಬನ್ನಿ, ಮುಂದಿನ ವಿಚಾರಣೆಯಲ್ಲಿ ವಕೀಲರಿಗೆ ಬೇಕಾಗುತ್ತದೆ.